ಬೌಲ್ ತುಂಬಿಸೋದು ನಿಲ್ಸಿ, ಹುಡುಕಿ ತಿನ್ನೋಕೆ ಬಿಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನಲ್ಲಿ ಸಾಕುಪ್ರಾಣಿ ಅಂತ ಏನೇ ಬಂದ್ರೂ ಒಂದೋ ನಾಯಿ ಇಲ್ಲಾಂದ್ರೆ ಬೆಕ್ಕು, ಅದು ಬಿಟ್ರೆ ಬೀದಿನಾಯಿ ಗಲಾಟೆ. ಬೇಜಾರಿಲ್ಲ, ಅದೂ ಬೇಕು. ಆದ್ರೆ ಈಗ ಬೆಂಗಳೂರಿನ ಅಪಾರ್ಟ್‌ಮೆಂಟ್ ಬಾಲ್ಕನಿಗಳ ಕಡೆ ಸ್ವಲ್ಪ ಕಣ್ಣು ಹಾಯಿಸಿ ನೋಡಿ, ಮೊಲ, ಇಲಿ ಜಾತಿಯ ಗಿನಿ ಪಿಗ್, ಹ್ಯಾಮ್‌ಸ್ಟರ್, ಎಷ್ಟು ಮನೇಲಿದೆ ಅಂತ. ನಾಯಿ ಸಾಕೋಣ ಅಂದ್ರೆ ಮನೆ ಓನರ್ ಒಪ್ಪಲ್ಲ, ಅಸೋಸಿಯೇಷನ್‌ನವರು ಲಿಫ್ಟ್ ವಿಷಯಕ್ಕೆ ಜಗಳಕ್ಕೆ ಬರ್ತಾರೆ, ಬೆಳಗ್ಗೆ ವಾಕಿಂಗ್ ಕರ್ಕೊಂಡ್ ಹೋಗೋಕೆ ಯಾರಿಗೂ ಟೈಮಿಲ್ಲ, ಮಕ್ಕಳ ಹಠ ಮಾತ್ರ ನಿಲ್ಲಲ್ಲ, ಕೊನೆಗೆ ಒಂದು ಕೇಜು ಒಂದು ಬೌಲು ಒಂದು ಪ್ಯಾಕೆಟ್ ಪೆಲೆಟ್ (ಗುಳಿಗೆ ಥರ ಒತ್ತಿದ ರೆಡಿಮೇಡ್ ಆಹಾರ) ಜೊತೆ ಒಂದು ಮೊಲದ ಮರಿ ಮನೆಗೆ ಬರತ್ತೆ. ಅಂಗಡಿಯವರು ಹೇಳೋದು ಇಷ್ಟೇ, "ಬೌಲ್ ಖಾಲಿ ಆಗೋಕೆ ಬಿಡ್ಬೇಡಿ ಮೇಡಂ". ನಾನು ಈ ಕಾಗದ ಬರೀತಿರೋದು ಆ ಒಂದು ಮಾತಿನ ವಿರುದ್ಧ.

ನಮ್ಮ ಮನೇಲಿ ಎರಡು ಗಿನಿ ಪಿಗ್ ಒಂದು ಮೊಲ ಇದೆ. ಅವುಗಳ ಪೆಲೆಟ್ಟನ್ನ ನಾನು ಬೌಲಿಗೆ ಹಾಕಲ್ಲ, ಅಲ್ಲಲ್ಲಿ ಚೆಲ್ತೀನಿ, ಮುಚ್ಚಿಡ್ತೀನಿ, ಪೇಪರ್ ಒಳಗೆ ಸುತ್ತಿಡ್ತೀನಿ. ಇದನ್ನ ನೋಡಿದೋರೆಲ್ಲ ಕೇಳೋದು ಒಂದೇ, ನಮ್ಮತ್ತೆಯವರೂ ಕೇಳಿದ್ರು, "ಪಾಪ ಮೂಕಪ್ರಾಣಿ, ಹೊಟ್ಟೆಗೆ ಹಾಕೋದ್ರಲ್ಲೂ ಆಟ ಆಡಿಸ್ತೀಯಲ್ಲಮ್ಮ" ಅಂತ. ಅವರು ಹೇಳೋದು ನಂಗೆ ಅರ್ಥ ಆಗತ್ತೆ. ನಮ್ಮಲ್ಲಿ ಪ್ರೀತಿ ಅಂದ್ರೆ ಬಡಿಸೋದು, ಮದುವೆ ಮನೇಲಿ ಎಲೆ ಮೇಲೆ ಕೈ ಅಡ್ಡ ಹಿಡಿದ್ರೂ ಬಿಡದೆ ಹಾಕ್ತಾರಲ್ಲ ಹಾಗೆ, ಅದನ್ನೇ ಪ್ರಾಣಿಗೂ ಮಾಡ್ತೀವಿ. ಆದ್ರೆ ಮೊಲದ ವಿಷಯದಲ್ಲಿ ತುಂಬಿದ ಬೌಲೇ ಶಿಕ್ಷೆ ಅಂತ ನಾನು ಧೈರ್ಯವಾಗಿ ಹೇಳ್ತೀನಿ, ಯಾಕೆ ಅಂತಾನೂ ಹೇಳ್ತೀನಿ ಕೇಳಿ.

ಬಯಲಲ್ಲಿರೋ ಮೊಲ ದಿನಕ್ಕೆ 6ರಿಂದ 8 ಗಂಟೆ ಮೇಯತ್ತೆ. ಮುಖ್ಯವಾಗಿ ಮುಂಜಾವು, ಮುಸ್ಸಂಜೆ. ಒಂದ್ಕಡೆ ಕೂತು ಹೊಟ್ಟೆ ತುಂಬಿಸ್ಕೊಳ್ಳಲ್ಲ, ನಾಲ್ಕು ಹೆಜ್ಜೆ ಹಾಕತ್ತೆ, ಮೂಸತ್ತೆ, ಒಂದು ಎಲೆ ಕಚ್ಚತ್ತೆ, ಕಿವಿ ನಿಮಿರಿಸಿ ನೋಡತ್ತೆ, ಮತ್ತೆ ಮುಂದೆ. ಅದೇ ಪ್ರಾಣೀನ ಕೇಜಲ್ಲಿಟ್ಟು ಮುಂದೆ ಬೌಲ್ ಇಟ್ರೆ ಅದರ ಊಟ ಹತ್ತೇ ನಿಮಿಷಕ್ಕೆ ಮುಗಿಯತ್ತೆ. ಉಳಿದ ದಿನವೆಲ್ಲ ಏನು ಮಾಡ್ಬೇಕು ಅದು? ಕಂಬಿ ಕಡಿಯತ್ತೆ, ತನ್ನ ಕೂದಲು ತಾನೇ ಕೀಳತ್ತೆ, ಮೂಲೇಲಿ ಸುಮ್ನೆ ಕೂರತ್ತೆ, ನಾವು "ನಮ್ಮ ಮೊಲ ತುಂಬಾ ಸಾಧು, ಅಲ್ಲಾಡೋದೇ ಇಲ್ಲ" ಅಂತ ನೆಂಟರ ಹತ್ರ ಹೊಗಳ್ತೀವಿ.

ಹಲ್ಲಿನ ಕತೆ ಇನ್ನೊಂದು. ಮೊಲದ ಹಲ್ಲು ಸಾಯೋವರೆಗೂ ಬೆಳೀತಾನೇ ಇರತ್ತೆ, ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಒಣಹುಲ್ಲನ್ನ ದವಡೆ ಅಡ್ಡಡ್ಡ ಆಡಿಸಿ ಗಂಟೆಗಟ್ಲೆ ಅರೆದ್ರೆ ಮಾತ್ರ ಅದು ಸವೆಯೋದು, ಪೆಲೆಟ್ಟು ಕಟಂ ಅಂತ ಪುಡಿ ಆಗತ್ತೆ ಅಷ್ಟೇ. ಹೊಟ್ಟೇದೂ ಹಾಗೇನೇ, ನಾರು ಒಳಗೆ ಹೋಗ್ತಾ ಇದ್ರೆ ಕರುಳು ಓಡ್ತಾ ಇರತ್ತೆ, ನಿಂತ್ರೆ ಪ್ರಾಣಕ್ಕೇ ಸಂಚಕಾರ. ಮೊಲಕ್ಕೆ ವಾಂತಿ ಮಾಡೋಕೂ ಬರಲ್ಲ. ಅದಕ್ಕೆ ಊಟದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲೇ ಇರ್ಬೇಕು, ಪೆಲೆಟ್ಟು ದಿನಕ್ಕೆ ಕೆಜಿ ತೂಕಕ್ಕೆ 25 ಗ್ರಾಂ ದಾಟ್ಬಾರ್ದು. (ಬೆಳಗ್ಗೆ ಹೊತ್ತು ಅದು ತನ್ನದೇ ಮೆತ್ತನೆ ಹಿಕ್ಕೆ ತಿನ್ನೋದು ಕಂಡ್ರೆ ಅಸಹ್ಯ ಪಡ್ಕೊಂಡು ಬೈಬೇಡಿ, ಅದು ಅದರ ಎರಡನೇ ಊಟ, ಅದ್ರಲ್ಲಿ ವಿಟಮಿನ್ ಇರತ್ತೆ.)

ಇನ್ನು "ಕಷ್ಟ ಪಡಿಸ್ತೀಯ" ಅನ್ನೋ ಮಾತಿಗೆ ಬರ್ತೀನಿ. 1963ರಲ್ಲಿ ಗ್ಲೆನ್ ಜೆನ್ಸನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 200 ಇಲಿಗಳನ್ನ ಇಟ್ಕೊಂಡು ಒಂದು ಪ್ರಯೋಗ ಮಾಡಿದ್ರು. ಮೊದ್ಲು ಲಿವರ್ ಅನ್ನೋ ಸಣ್ಣ ಹಿಡಿ ಒತ್ತಿದ್ರೆ ಕಾಳು ಬೀಳತ್ತೆ ಅಂತ ಕಲಿಸಿದ್ರು, ಆಮೇಲೆ ಪಕ್ಕದಲ್ಲೇ ಅದೇ ಕಾಳನ್ನ ಬಟ್ಟಲು ತುಂಬಾ ಪುಕ್ಕಟೆ ಇಟ್ರು. ಕೈಗೆ ಸಿಗೋ ಹಾಗಿದ್ರೂ ಎಷ್ಟೋ ಇಲಿಗಳು ಬಟ್ಟಲು ಬಿಟ್ಟು ಹೋಗಿ ಲಿವರ್ ಒತ್ತಿ ಒತ್ತಿ ದುಡಿದು ತಿಂದ್ವು. ಆಮೇಲೆ ಬೇರೆ ಬೇರೆ ಪ್ರಾಣಿ ಪಕ್ಷಿಗಳಲ್ಲೂ ಇದನ್ನೇ ನೋಡಿದ್ದಾರೆ. 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮನೆ ಬೆಕ್ಕುಗಳ ಮೇಲೆ ಮಾಡಿದಾಗ ಮಾತ್ರ ಅವು ಕಷ್ಟಪಟ್ಟು ಊಟ ತೆಗೀಬೇಕಾದ ಆಟದ ಡಬ್ಬಿ ಬಿಟ್ಟು ತಟ್ಟೇಲಿದ್ದಿದ್ದನ್ನೇ ಹೆಚ್ಚಾಗಿ ತಿಂದ್ವಂತೆ, ಬೆಕ್ಕು ಸಾಕಿದೋರಿಗೆ ಇದೇನು ಆಶ್ಚರ್ಯ ಅಲ್ಲ ಬಿಡಿ. ಅಂದ್ರೆ ನಾವು ಹುಡುಕಿಸ್ತಿರೋದು ಹಿಂಸೆ ಅಲ್ಲ, ಅವಕ್ಕೆ ಆ ಕೆಲಸಾನೇ ಬೇಕು. ಮೃಗಾಲಯದವರು ಇದಕ್ಕೆ ಎನ್‌ರಿಚ್‌ಮೆಂಟ್ ಅಂತ ಹೆಸರಿಟ್ಟು ದೊಡ್ಡ ಪ್ರಾಣಿಗಳಿಗೆಲ್ಲ ಮಾಡ್ತಾರೆ, ಮನೇಲಿ ಕೂತಿರೋ ಚಿಕ್ಕದು ಏನು ಪಾಪ ಮಾಡಿತ್ತು?

ಇದಕ್ಕೆ ದುಡ್ಡು ಬೇಕಾಗತ್ತೆ ಅಂದ್ಕೊಂಡು ಆನ್‌ಲೈನಲ್ಲಿ ಫಾರಿನ್ ಆಟಿಕೆ ಹುಡುಕ್ಬೇಡಿ. ನಮ್ಮನೇಲಿ ಹಿಟ್ ಆಗಿರೋದು ಹಳೇ ಇಡ್ಲಿ ತಟ್ಟೆ. ಒಂದೊಂದು ಗುಳೀಲಿ ನಾಲ್ಕೈದು ಪೆಲೆಟ್ ಹಾಕಿ ಮೇಲೆ ಪೇಪರ್ ಉಂಡೆ ಮುಚ್ಚೋದು, ಕೆಲವು ಗುಳಿ ಖಾಲಿ ಬಿಡೋದು, ಮೊಲ ಮೂತೀಲಿ ಒಂದೊಂದೇ ತಳ್ಳಿ ನೋಡತ್ತೆ, ಖಾಲಿ ಸಿಕ್ಕಿದ್ರೆ ಉಂಡೇನ ಹಲ್ಲಲ್ಲಿ ಕಚ್ಚಿ ಆಚೆ ಎಸೆಯತ್ತೆ, ಆ ಕೋಪ ನೋಡೋಕೇ ಚೆಂದ. ಅಂದಹಾಗೆ ಈ ಉಂಡೆಗಳು ನಿಮ್ಮ ಪೇಪರಿಂದಾನೇ, ಓದಿ ಆದ್ಮೇಲೆ, ಬೇಜಾರು ಮಾಡ್ಕೋಬೇಡಿ. ಹರಿದು ಎಸೆಯೋ ಪ್ರಾಣಿಗೆ ಪೇಪರ್ ಸರಿ, ನುಂಗೋ ಪ್ರಾಣಿಗೆ ಕೊಡ್ಬೇಡಿ, ಅದಕ್ಕೆ ಹುಲ್ಲನ್ನೇ ಉಂಡೆ ಕಟ್ಟಿ ಮುಚ್ಚಿ. ರಟ್ಟಿನ ಬಾಕ್ಸ್ ಆದ್ರೆ ಪಿನ್ನು ಟೇಪು ಕಿತ್ತು, ಒಳಗೆ ಹುಲ್ಲು ಗಿಡಿದು ನಡುವೆ ಕೊತ್ತಂಬರಿ ಕಡ್ಡಿ ಬಚ್ಚಿಡಿ, ಒಂದು ಸಂಜೆ ಪೂರ್ತಿ ಅದ್ರಲ್ಲೇ ಕಳೆಯತ್ತೆ.

ಮುಸುಕಿನ ಜೋಳದ ಗಾಡಿ ಇರತ್ತಲ್ಲ ಪಾರ್ಕ್ ಮುಂದೆ, ಅವರು ಸುಲಿದು ಎಸೆಯೋ ಹಸಿ ಸಿಪ್ಪೆ ಕೇಳಿ ಇಸ್ಕೊಳ್ಳಿ, ಸುಮ್ನೆ ಕೊಡ್ತಾರೆ. ಚೆನ್ನಾಗಿ ತೊಳೆದು ಒಳಗೆ ಸೊಪ್ಪು ಇಟ್ಟು ಸುತ್ತಿ ಕೊಟ್ರೆ ಗಿನಿ ಪಿಗ್‌ಗಳು ಸಿಪ್ಪೆ ಸಮೇತ ಮುಗಿಸ್ತಾವೆ. ಕಾಳು ಮಾತ್ರ ಬೇಡ. ಬಟ್ಟೆ ಕ್ಲಿಪ್ಪಲ್ಲಿ ಸೊಪ್ಪಿನ ಕಟ್ಟನ್ನ ಮೊಲ ಮುಂಗಾಲೆತ್ತಿ ನಿಂತ್ರೆ ಮಾತ್ರ ಸಿಗೋ ಎತ್ತರಕ್ಕೆ ಸಿಕ್ಕಿಸಿ, ಅದಕ್ಕದೇ ವ್ಯಾಯಾಮ. ಗರಿಕೆ ಬಗ್ಗೆ ಹೇಳಲೇಬೇಕು, ಗಾಂಧಿ ಬಜಾರಲ್ಲಿ ಗಣೇಶಂಗೆ ಅಂತ ಕಟ್ಟು ಕಟ್ಟಿ ಮಾರ್ತಾರಲ್ಲ ಅದೇ, ಮೊಲಕ್ಕೂ ಗಿನಿ ಪಿಗ್‌ಗೂ ಪ್ರಾಣ. ಇಂಪೋರ್ಟೆಡ್ ತಿಮೋಥಿ ಹುಲ್ಲಿನ ರೇಟ್ ನೋಡಿ ತಲೆ ತಿರುಗಿದೋರು ಗರಿಕೆನ ನೆರಳಲ್ಲಿ ಒಣಗಿಸಿ ಜೊತೆಗೆ ಬೆರೆಸಿ ಕೊಡಬಹುದು. ಹಿಪ್ಪುನೇರಳೆ ಎಲೆ ಸಿಕ್ಕಿದ್ರಂತೂ ಹಬ್ಬ, ರಾಮನಗರ ಕಡೆ ನೆಂಟರಿದ್ರೆ ಕಡ್ಡಿ ಸಮೇತ ತರಿಸ್ಕೊಳ್ಳಿ, ಎಲೆ ತಿಂದು ಕಡ್ಡಿ ಸಿಪ್ಪೆ ಸುಲಿಯೋ ಕೆಲಸ ಸಿಗತ್ತೆ. ರೇಷ್ಮೆ ಹುಳಕ್ಕೆ ಬೆಳೆಸಿದ್ದು ಅಂದ್ರೆ ಔಷಧಿ ಹೊಡೆದಿದ್ದಾರಾ ಅಂತ ಕೇಳಿನೇ ತನ್ನಿ.

ಗಿನಿ ಪಿಗ್‌ದು ಬೇರೆಯೇ ಲೆಕ್ಕ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಕಡೆಯ ಪ್ರಾಣಿ, ಮೊಲದ ಹಾಗೆ ತೋಡಲ್ಲ, ಹತ್ತಲ್ಲ, ಹೊಸದು ಏನು ಕಂಡ್ರೂ ಮೊದ್ಲು ಓಡಿಹೋಗಿ ಬಚ್ಚಿಟ್ಕೊಳ್ಳೋದು. ಅದಕ್ಕೆ ಕಷ್ಟದ ಪಜಲ್ ಇಟ್ರೆ ಸುಮ್ನೆ ಹಸ್ಕೊಂಡು ಕೂರತ್ತೆ. ಹುಲ್ಲಿನ ರಾಶಿ ಒಳಗೆ ಅಲ್ಲಲ್ಲಿ ದೊಣ್ಣೆ ಮೆಣಸಿನಕಾಯಿ ಚೂರು ಬಚ್ಚಿಟ್ರೆ ಸಾಕು. ದೊಣ್ಣೆ ಮೆಣಸಿನಕಾಯೇ ಯಾಕೆ ಅಂದ್ರೆ ನಮ್ಮ ಹಾಗೇನೇ ಇವಕ್ಕೂ ಮೈಯಲ್ಲಿ ವಿಟಮಿನ್ ಸಿ ತಯಾರಾಗಲ್ಲ, ದಿನಕ್ಕೆ 10ರಿಂದ 30 ಮಿಲಿಗ್ರಾಂ ಹೊರಗಿಂದಾನೇ ಬರ್ಬೇಕು, ಪೆಲೆಟ್‌ನಲ್ಲಿರೋ ವಿಟಮಿನ್ ಸಿ ತಿಂಗಳು ಕಳೆದ ಹಾಗೆ ಕಮ್ಮಿ ಆಗ್ತಾ ಹೋಗತ್ತೆ, ಅಂಗಡಿ ಶೆಲ್ಫಲ್ಲಿ ಎಷ್ಟು ದಿನ ಇತ್ತೋ ದೇವರಿಗೇ ಗೊತ್ತು. ಸೀಬೆಹಣ್ಣು ಒಂದು ಸಣ್ಣ ಹೋಳು ಯಾವಾಗಲಾದ್ರೊಮ್ಮೆ ಪರವಾಗಿಲ್ಲ. ಒಳಗೆ ಓಡೋ ಚಕ್ರ ಮಾತ್ರ ಇಡ್ಬೇಡಿ, ಬೆನ್ನು ಹಾಳಾಗತ್ತೆ.

ಹ್ಯಾಮ್‌ಸ್ಟರ್ ನಾನು ಸಾಕಿಲ್ಲ, ಎದುರು ಮನೆ ಹುಡುಗ ಸಾಕಿದ್ದಾನೆ. ರಾತ್ರಿ ಎದ್ದು ಕಂಬಿ ಕಡಿಯತ್ತೆ ಅಂತ ಅವರಮ್ಮ ಗೋಳಾಡ್ತಿದ್ರು. ಅದು ಎಚ್ಚರ ಇರೋದೇ ರಾತ್ರಿ, ಊಟ ಹಾಕ್ತಿದ್ದಿದ್ದು ಬೆಳಗ್ಗೆ ಸ್ಕೂಲಿಗೆ ಹೋಗೋ ಮುಂಚೆ, ಬೌಲಲ್ಲಿ, ಕೆಳಗೆ ಒಂದಿಷ್ಟು ಮರದ ಹೊಟ್ಟು ತೆಳ್ಳಗೆ ಹರಡಿ. ಸ್ವಿಟ್ಜರ್‌ಲೆಂಡಿನಲ್ಲಿ 10, 40, 80 ಸೆಂಟಿಮೀಟರ್ ಆಳದ ಹೊಟ್ಟಿನ ಹಾಸಿನಲ್ಲಿ ಹ್ಯಾಮ್‌ಸ್ಟರ್ ಇಟ್ಟು ನೋಡಿದ್ರಂತೆ, 2006ರಲ್ಲಿ ಪ್ರಕಟ ಆದ ಅಧ್ಯಯನ, ಹಾಸು ಆಳ ಆದಷ್ಟೂ ಕಂಬಿ ಕಡಿಯೋದು ಕಮ್ಮಿ. ನಾನು ಹೇಳಿದ್ಮೇಲೆ ಅವರು ಒಂದು ದೊಡ್ಡ ಡಬ್ಬ ತಂದು ಆಳವಾಗಿ ಹೊಟ್ಟು ತುಂಬಿಸಿ ಕಾಳನ್ನೆಲ್ಲ ಅದ್ರೊಳಗೆ ಬೆರೆಸ್ತಿದ್ದಾರೆ, ರಾತ್ರಿ ಮಲಗೋ ಮುಂಚೆ. ಅದು ತೋಡಿ ತೋಡಿ ಕೆನ್ನೆ ಚೀಲ ತುಂಬಿಸ್ಕೊಂಡು ಹೋಗಿ ಒಂದು ಮೂಲೇಲಿ ಗೋದಾಮು ಮಾಡ್ಕೊಂಡಿದೆ. ಕಡಲೆಕಾಯಿ ಪರಿಷೆ ಹೊತ್ತಿಗೆ ಉಪ್ಪಿಲ್ಲದ ಹುರಿದ ಕಡಲೆಕಾಯಿ ಒಂದೇ ಒಂದು ಸಿಪ್ಪೆ ಸಮೇತ ಕೊಡಿ, ಮೊಲಕ್ಕೆ ಗಿನಿ ಪಿಗ್‌ಗೆ ಅದೂ ಬೇಡ. ಪ್ಲಾಸ್ಟಿಕ್ ಬಾಲ್ ಒಳಗೆ ಹ್ಯಾಮ್‌ಸ್ಟರ್ ಹಾಕಿ ಉರುಳಿಸಿ ರೀಲ್ಸ್ ಮಾಡೋರ ಬಗ್ಗೆ ಬರೆಯೋಕೆ ಹೋದ್ರೆ ನೀವು ಪ್ರಿಂಟ್ ಮಾಡದಂಥ ಮಾತು ಬರತ್ತೆ, ಬಿಟ್ಬಿಡ್ತೀನಿ.

ಒಂದು ವಿಷಯದಲ್ಲಿ ಮಾತ್ರ ಹುಷಾರು. ಬಚ್ಚಿಡೋದು ಪೆಲೆಟ್ಟು, ತಿಂಡಿ ಚೂರು, ಸ್ವಲ್ಪ ಸೊಪ್ಪು ಅಷ್ಟೇ. ಹುಲ್ಲು ಮತ್ತೆ ನೀರು ಇಪ್ಪತ್ನಾಲ್ಕು ಗಂಟೆಯೂ ಕಣ್ಣೆದುರಿಗೆ ಇರ್ಬೇಕು. ಮೊದಮೊದಲು ಸುಲಭದ್ದು ಮಾಡಿ, ಅರ್ಧ ಬೌಲಲ್ಲಿ ಅರ್ಧ ಚೆಲ್ಲಿ, ಕಲಿತ ಮೇಲೆ ಕಷ್ಟ ಮಾಡಿ. ಅಡುಗೆಮನೆ ತೂಕದ ಮೆಷಿನ್ ಮೇಲೆ ವಾರಕ್ಕೊಂದ್ಸಲ ಕೂರಿಸಿ ತೂಕ ಬರೆದಿಡಿ. ಎರಡು ಪ್ರಾಣಿ ಇದ್ರೆ ಎರಡು ಕಡೆ ಇಡಿ, ಇಲ್ಲಾಂದ್ರೆ ಜೋರಿರೋದು ಎಲ್ಲಾ ತಿಂದ್ಬಿಡತ್ತೆ. ಮೊಲ ಅರ್ಧ ದಿನ ಏನೂ ಮುಟ್ಟಿಲ್ಲ, ಹಿಕ್ಕೆನೂ ಹಾಕಿಲ್ಲ ಅಂದ್ರೆ ಆಟ ಬೋರಾಗಿದೆ ಅಂದ್ಕೊಂಡು ಕೂರ್ಬೇಡಿ, ತಕ್ಷಣ ಡಾಕ್ಟ್ರ ಹತ್ರ ಓಡಿ. ಮತ್ತೆ ಬಿಸ್ಕತ್ತು, ಬ್ರೆಡ್ಡು, ಉಳಿದ ಚಪಾತಿ ಬಚ್ಚಿಟ್ಟು ಎನ್‌ರಿಚ್‌ಮೆಂಟ್ ಅನ್ಬೇಡಿ ದಯವಿಟ್ಟು. ಕ್ಯಾರೆಟ್ಟು ಕೂಡ ಒಂದು ಚೂರು ಸಾಕು, ಅದ್ರಲ್ಲಿ ಸಕ್ಕರೆ ಜಾಸ್ತಿ.

ಈಗ ನನ್ನ ಬೇಡಿಕೆ. 2018ರಲ್ಲಿ ಪೆಟ್ ಶಾಪ್‌ಗಳಿಗೆ ಅಂತಾನೇ ಕೇಂದ್ರದ ನಿಯಮ ಬಂತು, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳೀಲಿ ನೋಂದಣಿ ಮಾಡಿಸ್ದೆ ಅಂಗಡಿ ನಡೆಸೋ ಹಾಗಿಲ್ಲ ಅಂತ. ಒಳ್ಳೇದೇ. ಆದ್ರೆ ಮೊಲ ತಗೊಂಡು ಮನೆಗೆ ಹೋಗೋರ ಕೈಗೆ ಕನ್ನಡದಲ್ಲಿ ಒಂದು ಹಾಳೆ ಕೊಡೋರು ನಂಗೆ ಒಬ್ರೂ ಸಿಕ್ಕಿಲ್ಲ. ಪೆಲೆಟ್ ಪ್ಯಾಕೆಟ್ ಮೇಲೆ ಇಂಗ್ಲಿಷು, ಯೂಟ್ಯೂಬಲ್ಲಿ ತೋರಿಸೋ ಸೊಪ್ಪು ಸದೆ ಎಲ್ಲಾ ಲಂಡನ್ನಿಂದು, ನಮ್ಮ ಸೊಪ್ಪಿನ ಅಜ್ಜಿ ಹತ್ರ ಸಿಗೋ ಸಬ್ಬಸಿಗೆ, ದಂಟು, ಮೂಲಂಗಿ ಸೊಪ್ಪು ಯಾವ್ದು ದಿನಾ ಕೊಡಬಹುದು, ಪಾಲಕ್ ಥರ ಆಕ್ಸಲೇಟ್ ಅನ್ನೋ ಅಂಶ ಜಾಸ್ತಿ ಇರೋದನ್ನ ಎಷ್ಟಕ್ಕೆ ನಿಲ್ಲಿಸ್ಬೇಕು ಅಂತ ಹೇಳೋರಿಲ್ಲ. ನಮ್ಮೂರಲ್ಲೇ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿನ ತಜ್ಞರನ್ನ ಕೇಳಿ ಭಾನುವಾರದ ಪುರವಣೀಲಿ ಒಂದು ಪುಟ ಮಾಡಿ, ಸೊಪ್ಪಿನ ಫೋಟೋ ಸಮೇತ, ಮಕ್ಕಳು ಕತ್ತರಿಸಿ ಕೇಜ್ ಪಕ್ಕ ಅಂಟಿಸ್ಕೊಳ್ಳೋ ಹಾಗೆ. ಕೊಡಲೇಬಾರದ್ದರ ಪಟ್ಟೀನೂ ಹಾಕಿ, ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಚಾಕೊಲೇಟು. ಅದ್ರಲ್ಲಿ ಕಣಗಿಲೆ ಹೆಸರನ್ನ ದಪ್ಪ ಅಕ್ಷರದಲ್ಲಿ ಮೇಲೇ ಹಾಕಿ, ರೋಡ್ ಡಿವೈಡರ್ ಪಾರ್ಕು ಎಲ್ಲಾ ಕಡೆ ಅದೇ ಬೆಳೆಸಿದ್ದಾರೆ, ಎಲೆ ಹೂವು ಕಡ್ಡಿ ಎಲ್ಲಾ ವಿಷ, ಮಕ್ಕಳು ಪ್ರೀತಿಯಿಂದ ಕಿತ್ಕೊಂಡ್ ಬಂದು ಹುಲ್ಲಲ್ಲಿ ಬಚ್ಚಿಟ್ಬಿಡ್ತಾವೆ.

ಇಂತಿ,
ನಿಮ್ಮ ಓದುಗಳು,
ಹನುಮಂತನಗರ, ಬೆಂಗಳೂರು