ಗದ್ದೆಯ ಚಿತ್ರದಾಚೆಗಿನ ಇಗೊರೊಟರು

ಮಾನ್ಯರೇ,

ಫಿಲಿಪೀನ್ಸ್‌ನ ಬನಾವೆ ಮೆಟ್ಟಿಲುಗದ್ದೆಗಳ ಚಿತ್ರಗಳು ಪ್ರವಾಸ ಪುರವಣಿಗಳಲ್ಲಿ ಆಗಾಗ ಅಚ್ಚಾಗುತ್ತವೆ; ಆದರೆ ಅವನ್ನು ಕಟ್ಟಿದ ಇಫುಗಾವೊಗಳೂ ಸೇರಿದಂತೆ, ಇಗೊರೊಟ್ ಎಂದು ಒಟ್ಟಾಗಿ ಕರೆಸಿಕೊಳ್ಳುವ ಕಾರ್ಡಿಲೆರಾ ಬೆಟ್ಟದ ಜನರ ವಿಷಯ ‘ತಲೆ ಕಡಿಯುತ್ತಿದ್ದ ಬುಡಕಟ್ಟು’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಈ ನೋಟ ಹಳೆಯದು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೇಳದಲ್ಲಿ ಅವರನ್ನು ತಂದು ಕೂರಿಸಿ, ವಿಶೇಷ ಆಚರಣೆಗಳಿಗೆ ಸೀಮಿತವಾಗಿದ್ದ ನಾಯಿಮಾಂಸದೂಟವನ್ನು ಮತ್ತೆ ಮತ್ತೆ ಮಾಡಿಸಿ ಪ್ರೇಕ್ಷಕರಿಗೆ ತಮಾಷೆಯಾಗಿ ತೋರಿಸಲಾಯಿತು. ಸ್ವದೇಶದವರೇ ಆದ ಲೇಖಕ, ರಾಜತಾಂತ್ರಿಕ ಕಾರ್ಲೋಸ್ ರೊಮುಲೊ 1943ರಲ್ಲಿ ಇಗೊರೊಟರು ಫಿಲಿಪಿನೋಗಳಲ್ಲ ಎಂದು ಬರೆದದ್ದು ಇನ್ನೂ ನೋವಿನ ಸಂಗತಿ.

ಮುಳ್ಳು ಮತ್ತು ಮಸಿಯಿಂದ ಹಚ್ಚೆ ಹಾಕುವ, ಇದೇ ಕಾರ್ಡಿಲೆರಾದ ಕಳಿಂಗ ಪ್ರಾಂತ್ಯದ ಶತಾಯುಷಿ ವಾಂಗ್-ಒಡ್ ಅವರ ಮುಖ 2023ರಲ್ಲಿ ‘ವೋಗ್ ಫಿಲಿಪೀನ್ಸ್’ ಮುಖಪುಟಕ್ಕೆ ಬಂದದ್ದು ಸಂತೋಷವೇ. ಆದರೆ ಅದೇ ಕಳಿಂಗದಲ್ಲಿ ಚಿಕೊ ನದಿಯ ಅಣೆಕಟ್ಟನ್ನು ವಿರೋಧಿಸಿದ ಬುಡಕಟ್ಟು ಮುಖಂಡ ಮಕ್ಲಿಯಿಂಗ್ ದುಲಾಗ್ ಅವರನ್ನು 1980ರ ಏಪ್ರಿಲ್‌ನಲ್ಲಿ ಸೈನಿಕರು ಗುಂಡಿಕ್ಕಿ ಕೊಂದದ್ದನ್ನು ಹಚ್ಚೆಗಾಗಿ ಸಾಲುಗಟ್ಟುವ ಪ್ರವಾಸಿಗರಲ್ಲಿ ಎಷ್ಟು ಮಂದಿ ಬಲ್ಲರು? ಗಣಿಗಾಗಲಿ ಅಣೆಕಟ್ಟಿಗಾಗಲಿ ಮೂಲನಿವಾಸಿಗಳ ಒಪ್ಪಿಗೆ ಮೊದಲು ಬೇಕೆಂದು ಫಿಲಿಪೀನ್ಸ್‌ನ 1997ರ ಕಾಯ್ದೆ ಹೇಳುತ್ತದೆ. ಅಲ್ಲಿನ ಜಗಳ ಇಂದಿಗೂ ಆ ಒಪ್ಪಿಗೆಯ ಸುತ್ತಲೇ ಇದೆ.

ಮುಂದಿನ ಸಲ ಆ ಗದ್ದೆಗಳ ಚಿತ್ರ ಅಚ್ಚಾಗುವಾಗ, ಅವುಗಳಿಗೆ ನೀರೂಡಲೆಂದು ಮೇಲಿನ ಇಳಿಜಾರಿನಲ್ಲಿ ಮನೆತನಗಳು ಕಾಪಾಡಿಕೊಂಡು ಬಂದ ‘ಮುಯೊಂಗ್’ ಕಾಡಿನ ಬಗ್ಗೆಯೂ ಎರಡು ಮಾತು ಇರಲಿ ಎಂದು ಕೋರುತ್ತೇನೆ.

– ಒಬ್ಬ ಓದುಗ, ಶಿವಮೊಗ್ಗ