ಮಣ್ಣಿನ ಇಟ್ಟಿಗೆಗೆ ಬಾಟಲಿ ನೀರು ಸುರಿದ ಕಚೇರಿಯ ಕುರಿತು ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಪುಣೆಯಿಂದ ನಮಸ್ಕಾರಗಳು.

ಹೋದ ವರ್ಷ ರಾಜ್ಯೋತ್ಸವದ ವೇದಿಕೆಯಲ್ಲಿ ತಾವು ಸೊಲ್ಲಾಪುರ ಕಡೆಯ ತಮ್ಮ ಅಜ್ಜಿಯ ಕನ್ನಡದಲ್ಲಿ ಮಾತನಾಡಿದಾಗ ಮೂರನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ನನ್ನ ಮನೆಯ ನಕ್ಷೆಯ ಪರವಾನಗಿ ಕುರಿತು ಮರಾಠಿಯಲ್ಲಿ ಬರೆದ ನಾಲ್ಕು ಮನವಿಗಳಿಗೆ ಉತ್ತರ ಬಾರದ ಕಾರಣ, ಅಜ್ಜಿಯ ಭಾಷೆಯಲ್ಲಾದರೂ ಒಮ್ಮೆ ಕೇಳಿ ನೋಡೋಣವೆಂದು, ಅದೂ ನಾಲ್ಕು ಜನ ಓದುವ ಹಾಗೆ, ಈ ಪತ್ರ ಬರೆಯುತ್ತಿದ್ದೇನೆ. ಪರವಾನಗಿ ಕೊಡಬೇಕಾದ ಕಚೇರಿಯ ಹೆಸರನ್ನಾಗಲಿ ಅಧಿಕಾರಿಯ ಹೆಸರನ್ನಾಗಲಿ ಇಲ್ಲಿ ಹಾಕಿಲ್ಲ. ಕಡತದ ಸಂಖ್ಯೆ ಆ ನಾಲ್ಕೂ ಮನವಿಗಳ ತಲೆಯ ಮೇಲೆಯೇ ಇದೆ.

ನಾನು ಮೂಲತಃ ಶಿರಸಿಯವನು. ಮೂವತ್ತೊಂದು ವರ್ಷ ಇಲ್ಲಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾಗಿದ್ದೇನೆ. ಕೈಗೆ ಬಂದ ಹಣದಲ್ಲಿ ಪುಣೆಯ ಪಶ್ಚಿಮಕ್ಕೆ, ಸಹ್ಯಾದ್ರಿಯ ತಪ್ಪಲಿನ ಒಂದು ಹಳ್ಳಿಯಲ್ಲಿ, ಹನ್ನೊಂದು ಗುಂಟೆ ಎನ್‌ಎ (ಕೃಷಿಯೇತರ) ಜಾಗ ಕೊಂಡೆ. ಅಲ್ಲಿ ನಾನು ಕಟ್ಟಹೊರಟಿರುವುದು ಅರಮನೆಯಲ್ಲ. ಊರಿನ ನಮ್ಮ ಹಳೆಯ ಮನೆಯನ್ನು ನೆನಪಿಸುವ, ಆದರೆ ಆ ಗುಡ್ಡದ ಗಾಳಿ ಮಳೆಗೆ ಅಳತೆ ಕೊಟ್ಟು ಹೊಲಿಸಿದಂತಿರುವ ಒಂದು ಸಣ್ಣ ಮನೆ. ನೆಲಗಟ್ಟಿಗೆ ಮೂರಡಿ ಎತ್ತರದವರೆಗೆ ಅಲ್ಲಿಯದೇ ಕರಿಕಲ್ಲು, ಅದರ ಮೇಲೆ ಶೇಕಡಾ 7ರಷ್ಟು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ, ಗೋಡೆಗೆ ಸುಣ್ಣದ ಗಾರೆ, ಮೇಲೆ ಮಂಗಳೂರು ಹಂಚು. ಹಂಚಿನ ಅಡಿಯಲ್ಲಿ ತೆಂಗಿನ ನಾರಿನ ಹಾಸು, ಅದರಡಿ ಮತ್ತೊಂದು ಪದರ ಹಂಚು. ಪಶ್ಚಿಮದ ಜಡಿಮಳೆ ಗೋಡೆಗೆ ತಾಕದಂತೆ ನಾಲ್ಕಡಿ ಮುಂಚಾಚಿದ ಸೂರು. ದಕ್ಷಿಣದ ಇಳಿಜಾರಿಗೆ 3 ಕಿಲೋವಾಟ್ ಸೌರ ಫಲಕ. ಇಷ್ಟೇ.

ಈ ನಕ್ಷೆಯನ್ನು 2023ರ ಜೂನ್ ತಿಂಗಳಲ್ಲಿ ಸಲ್ಲಿಸಿದೆ. ಅಂದಿನಿಂದ ಮೂರು ಮಳೆಗಾಲಗಳು ಕಳೆದಿವೆ. ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ.

ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ 45ನೆಯ ಕಲಮು ತಮಗೆ ಗೊತ್ತಿದ್ದೇ ಇರುತ್ತದೆ. ಶಾಸನಸಭೆಯಲ್ಲಿ ಕುಳಿತವರಿಗೆ ನಾನು ಹೇಳಿಕೊಡಬೇಕಾಗಿಲ್ಲ. 60 ದಿನಗಳ ಒಳಗೆ ನಿರ್ಣಯ ತಿಳಿಸಬೇಕೆಂಬುದು ಅದರಲ್ಲಿದೆ. ಆ ಅರವತ್ತರ ಲೆಕ್ಕವನ್ನು ಕಚೇರಿ ನನಗಿಂತ ಚೆನ್ನಾಗಿ ಇಟ್ಟಿದೆ. ಮೊದಲ ಆಕ್ಷೇಪ 54ನೆಯ ದಿನ ಬಂತು, ಎರಡನೆಯದು ನನ್ನ ಉತ್ತರ ತಲುಪಿದ 57ನೆಯ ದಿನ, ಮೂರನೆಯದು 58ನೆಯ ದಿನ. ಇಷ್ಟು ಶಿಸ್ತಿನ ಕಚೇರಿಯನ್ನು ನಾನು ಕಾರ್ಖಾನೆಯಲ್ಲೂ ಕಂಡಿರಲಿಲ್ಲ.

ಮೊದಲ ಆಕ್ಷೇಪದಲ್ಲಿ ಮನೆಯನ್ನು ‘ಕಚ್ಚಾ’ ಎಂದು ಬರೆದಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಇಂಥ ಇಟ್ಟಿಗೆಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಇದಕ್ಕೆಂದೇ ಐಎಸ್ 1725 ಎಂಬ ಭಾರತೀಯ ಮಾನಕವಿದ್ದು, ಅದು 2013ರಲ್ಲಿ ಪರಿಷ್ಕೃತವೂ ಆಗಿದೆ. ಮಾನಕದ ಪ್ರತಿಯನ್ನೂ, ಇಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ಇಟ್ಟಿಗೆಯನ್ನು ನೆನೆಸಿ ಬಲ ಅಳೆಸಿದ ವರದಿಯನ್ನೂ ಲಗತ್ತಿಸಿದೆ. ವರದಿ ಓದುವ ಬದಲು ಅಧಿಕಾರಿಯೊಬ್ಬರು ಸ್ಥಳ ಪರಿಶೀಲನೆಗೆ ಬರುತ್ತೇನೆಂದರು. ಸಂತೋಷಪಟ್ಟೆ. ಆ ದಿನದ ಕಥೆಯನ್ನು ತಾವು ದಯವಿಟ್ಟು ಪೂರ್ತಿ ಓದಬೇಕು.

ಅವರು ಬಂದಾಗ ಮಧ್ಯಾಹ್ನ ಎರಡು ಗಂಟೆ. ನನ್ನ ಹೆಂಡತಿ ಮೊಣಕಾಲು ನೋವಿನಲ್ಲೂ ಬೆಳಿಗ್ಗೆ ಐದಕ್ಕೆ ಎದ್ದು ಅವರಿಗೆಂದು ಪುಳಿಯೋಗರೆ ಕಲಸಿ ತಂದಿದ್ದಳು. ಮಾದರಿಗೆಂದು ಕಟ್ಟಿ ನಿಲ್ಲಿಸಿದ್ದ ಎದೆಯೆತ್ತರದ ಗೋಡೆಯನ್ನು ಅವರು ಒಂದು ಸುತ್ತು ಹಾಕಿ ನೋಡಿದರು. ಆಮೇಲೆ ಚಾಲಕನ ಕೈಯಿಂದ ಬಿಸ್ಲೇರಿ ಬಾಟಲಿ ತರಿಸಿ, ಬಿಡಿಯಾಗಿ ಇಟ್ಟಿದ್ದ ಒಂದು ಇಟ್ಟಿಗೆಯ ಮೇಲೆ ಪೂರಾ ಒಂದು ಲೀಟರು ಸುರಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಕರಗುತ್ತದೆಯೋ ಎಂದು ಕಾದು ನಿಂತರು. ಹತ್ತು ನಿಮಿಷವಾಯಿತು. ಇಟ್ಟಿಗೆ ಕರಗಲಿಲ್ಲ. ಉಗುರಿನಿಂದ ಕೆರೆದು ನೋಡಿದರು. ಉಗುರಿಗೆ ಮಣ್ಣು ಹತ್ತಲಿಲ್ಲ. ಇಂಡಿ ತಾಲ್ಲೂಕಿನಿಂದ ಬಂದ ನಮ್ಮ ಮೇಸ್ತ್ರಿ ಮೆಲ್ಲಗೆ ನನ್ನ ಕಿವಿಯಲ್ಲಿ, “ಸಾಹೇಬ್ರಿಗೆ ಹೇಳ್ರಿ, ಮಣ್ಣು ಕರಗಂಗಿಲ್ಲ, ಮನಿ ಕಟ್ಟಾಂವ ಕರಗತಾನ” ಎಂದ. ನಾನು ನಕ್ಕೆ. ನಗಬಾರದಿತ್ತು. ಮೂರು ವಾರದ ಮೇಲೆ ಬಂದ ಪರಿಶೀಲನಾ ವರದಿಯಲ್ಲಿ ಒಂದೇ ಸಾಲು: ಮಾದರಿ ಇಟ್ಟಿಗೆಯಲ್ಲಿ ತೇವಾಂಶ ಕಂಡುಬಂದಿದೆ.

ಮಾನ್ಯರೇ, ಒಂದು ಲೀಟರು ನೀರು ಸುರಿದರೆ ಶಾಸಕರ ಭವನದ ಗ್ರಾನೈಟಿನಲ್ಲೂ ತೇವಾಂಶ ಕಂಡುಬರುತ್ತದೆ.

ಎರಡನೆಯ ಆಕ್ಷೇಪ ಕಿಲ್ಲಾರಿ ಭೂಕಂಪದ್ದು. ಈ ಮಾತನ್ನು ನಾನು ಲಘುವಾಗಿ ತೆಗೆದುಕೊಳ್ಳಲಾರೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರು, ಉಸ್ಮಾನಾಬಾದ್ ಭಾಗದಲ್ಲಿ ಸಾವಿರಾರು ಜನ ಕಲ್ಲುಗೋಡೆಗಳ ಅಡಿಯಲ್ಲೇ ಸತ್ತರು. ಆದರೆ ಅಲ್ಲಿ ಬಿದ್ದದ್ದು ಕಾಡುಕಲ್ಲನ್ನು ಬರಿಯ ಕೆಸರಿನಲ್ಲಿ ಪೇರಿಸಿ, ಮೇಲೆ ದಪ್ಪ ಮಣ್ಣಿನ ಮಾಳಿಗೆ ಹೇರಿದ ಗೋಡೆಗಳು. ಒಳಮೈಯನ್ನೂ ಹೊರಮೈಯನ್ನೂ ಬೆಸೆಯುವ ಉದ್ದ ಕಲ್ಲುಗಳು ಅವುಗಳಲ್ಲಿ ಇರಲಿಲ್ಲ, ನಾಲ್ಕೂ ಗೋಡೆಗಳನ್ನು ಪೆಟ್ಟಿಗೆಯಂತೆ ಕಟ್ಟಿ ಹಿಡಿಯುವ ಪಟ್ಟಿಯೂ ಇರಲಿಲ್ಲ. ಅದೇ ವರ್ಷದ ಐಎಸ್ 13828 ಕಲ್ಲು ಇಟ್ಟಿಗೆಗಳ ಕಟ್ಟಡಕ್ಕೆ ಇವೆಲ್ಲ ಎಲ್ಲೆಲ್ಲಿ ಬೇಕೆಂದು ಹೇಳುತ್ತದೆ. ನನ್ನ ನಕ್ಷೆಯಲ್ಲಿ ನೆಲಗಟ್ಟಿನ ಮೇಲೆ, ಲಿಂಟಲ್ ಮಟ್ಟದಲ್ಲಿ, ಸೂರಿನ ಕೆಳಗೆ ಹೀಗೆ ಮೂರು ಪಟ್ಟಿಗಳಿವೆ. ಅಷ್ಟಾದರೂ ತಪ್ಪಿದ್ದರೆ ಎಲ್ಲಿ ತಪ್ಪಿದೆಯೆಂದು ಬರೆದುಕೊಡಲಿ, ತಿದ್ದುತ್ತೇನೆ. ನಾನು ಕೇಳುತ್ತಿರುವುದು ಕೃಪೆಯನ್ನಲ್ಲ. ಒಪ್ಪಿಗೆ ಅಥವಾ ನಿರಾಕರಣೆ, ಯಾವುದಾದರೂ ಒಂದನ್ನು ಕಾರಣಸಹಿತ ಲಿಖಿತವಾಗಿ ಕೊಡಿಸಿ.

ಮೂರನೆಯದು ಲಿಖಿತ ಆಕ್ಷೇಪದ ಜೊತೆಗೆ ಬಾಯಿಮಾತಿನಲ್ಲಿ ಬಂದ ಸಲಹೆ. ನಕ್ಷೆಯಲ್ಲಿ ಹನ್ನೆರಡು ಆರ್‌ಸಿಸಿ ಕಂಬಗಳನ್ನು ಸುಮ್ಮನೆ ಬರೆದುಬಿಡಿ, ಆಮೇಲೆ ಏನು ಬೇಕೋ ಅದನ್ನು ಕಟ್ಟಿಕೊಳ್ಳಿ, ಯಾರು ನೋಡುತ್ತಾರೆ ಎಂದರು. ಕಾಗದದ ಮೇಲಿನ ಸುಳ್ಳು ಪಕ್ಕಾ, ಗುಡ್ಡದ ಮೇಲಿನ ಸತ್ಯ ಕಚ್ಚಾ!

ನಮ್ಮ ಎದುರಿನ ಗುಡ್ಡದಲ್ಲಿ ಇದೇ ಅವಧಿಯಲ್ಲಿ ಒಂದು ಗಾಜಿನ ಬಂಗಲೆ ಎದ್ದಿದೆ. ಅದಕ್ಕಾಗಿ ಇಪ್ಪತ್ತಡಿ ಎತ್ತರದ ದರೆಯನ್ನು ಜೆಸಿಬಿಯಿಂದ ಕಡಿದಿದ್ದಾರೆ. ಫ್ಯಾನು ಕೂಡ ಬೇಡವಾದ ಆ ತಂಪಿನಲ್ಲಿ ಪಶ್ಚಿಮಕ್ಕೆ ಮುಖಮಾಡಿ ಗಾಜು ನಿಲ್ಲಿಸಿ, ಆ ಸೆಖೆ ತಾಳಲಾರದೆ ಆರು ಏಸಿ ಹಾಕಿದ್ದಾರೆ. ಅದು ಪಕ್ಕಾ. 1:5ಕ್ಕಿಂತ, ಅಂದರೆ ಐದಡಿಗೆ ಒಂದಡಿ ಏರುವುದಕ್ಕಿಂತ, ಕಡಿದಾದ ಇಳಿಜಾರಿನಲ್ಲಿ ಕಟ್ಟಬಾರದೆಂಬ ನಿಯಮ ನನಗೆ ಗೊತ್ತು, ಅದನ್ನು ಸಡಿಲಿಸಿ ಎಂದು ಯಾವ ಕಾಲಕ್ಕೂ ಕೇಳುವವನು ನಾನಲ್ಲ. ಮಾಳೀಣದಲ್ಲಿ 2014ರ ಜುಲೈ 30ರಂದು ಗುಡ್ಡ ಜಾರಿ 151 ಜನ ಸತ್ತದ್ದು ಇದೇ ಜಿಲ್ಲೆಯಲ್ಲಿ. ನನ್ನ ಜಾಗದ ಇಳಿಜಾರು ಆ 1:5ಕ್ಕಿಂತ ಬಹಳ ಕಡಿಮೆ. ಆದರೂ ನೆಲವನ್ನು ಸಪಾಟು ಮಾಡದೆ, ಮನೆಯನ್ನೇ ಮೂರು ಹಂತಗಳಲ್ಲಿ ಇಳಿಸಿ, ಮಳೆನೀರು ಹರಿಯುವ ದಾರಿಯನ್ನು ಇದ್ದಲ್ಲೇ ಬಿಟ್ಟಿದ್ದೇವೆ. ದರೆ ಕಡಿದವರಿಗೆ ಆರು ತಿಂಗಳಲ್ಲಿ ಪರವಾನಗಿ, ಕಡಿಯದವನಿಗೆ ತೇವಾಂಶ.

ಇಂಧನ ಉಳಿಸಿ ಎಂದು ಸರ್ಕಾರವೇ ಹೇಳುತ್ತಿರುವಾಗ ಇದೆಲ್ಲ ನಡೆಯುತ್ತಿದೆ. ವಾಸದ ಮನೆಗಳಿಗೆಂದು ಕೇಂದ್ರವು 2018ರಲ್ಲಿ ಹೊರಡಿಸಿದ ‘ಇಕೋ ನಿವಾಸ ಸಂಹಿತೆ’ ಚಾವಣಿಯ ಮೂಲಕ ಶಾಖ ಇಳಿಯುವ ಪ್ರಮಾಣಕ್ಕೆ, ಚದರ ಮೀಟರಿಗೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, 1.2 ವ್ಯಾಟ್ ಎಂಬ ಮಿತಿ ಹಾಕಿದೆ. ನಮ್ಮ ವಾಸ್ತುಶಿಲ್ಪಿಯ ಲೆಕ್ಕದಲ್ಲಿ ನಾರಿನ ಹಾಸಿನ ಹಂಚಿನ ಮಾಡು ಅದರ ಅರ್ಧದ ಆಸುಪಾಸಿನಲ್ಲಿದೆ. ಕೇಂದ್ರದ ‘ಸೂರ್ಯ ಘರ್’ ಸೌರ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವೆಂದು ತಮ್ಮ ಜಾಹೀರಾತು ಫಲಕಗಳು ಪ್ರತಿ ವೃತ್ತದಲ್ಲೂ ನಗುತ್ತಿವೆ. ಸೌರ ಫಲಕ ಕೂರಿಸಲು ಮೊದಲು ಒಂದು ಮಾಡು ಬೇಕಲ್ಲವೇ?

ಈ ಮೂರು ಮಳೆಗಾಲಗಳಲ್ಲಿ ನನಗಾದದ್ದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಬಾಡಿಗೆ ಎರಡು ಬಾರಿ ಏರಿದೆ. ಲಿಫ್ಟಿಲ್ಲದ ಮೂರನೆಯ ಮಹಡಿಗೆ ಹೆಂಡತಿ ದಿನವೂ ಗೋಡೆ ಹಿಡಿದು ಹತ್ತುತ್ತಾಳೆ. ತರಿಸಿಟ್ಟ ಹಂಚುಗಳಲ್ಲಿ ನೂರಕ್ಕೂ ಹೆಚ್ಚು ಒಡೆದಿವೆ, ಮುಚ್ಚಿದ ತಾಡಪತ್ರೆ ಎರಡು ಸಲ ಹರಿದಿದೆ. ಜಾಗದಲ್ಲಿ ತೋಡಿಸಿದ ಸುಣ್ಣದ ಗುಂಡಿ ಮಾತ್ರ ಚೆನ್ನಾಗಿದೆ. ಸುಣ್ಣ ನೀರಿನಡಿ ನೆನೆದಷ್ಟೂ ಹದವಾಗುತ್ತದೆ, ಬೆಣ್ಣೆಯಂತಾಗಿದೆ ಎಂದು ಮೇಸ್ತ್ರಿ ಹೇಳುತ್ತಾನೆ. ಕಡತವೂ ಹಾಗೆಯೇ ನೆನೆದಷ್ಟೂ ಹದವಾಗುತ್ತದೆಂದು ಯಾರೋ ಕಚೇರಿಗೆ ಹೇಳಿಕೊಟ್ಟಿರಬೇಕು.

ಆದ್ದರಿಂದ ಮತ್ತೊಮ್ಮೆ, ಕೈಮುಗಿದು: ಒಪ್ಪಿಗೆ ಅಥವಾ ನಿರಾಕರಣೆ, ಯಾವುದಾದರೂ ಒಂದನ್ನು ಲಿಖಿತವಾಗಿ ಕೊಡಿಸಿ. ಮಣ್ಣು, ಸುಣ್ಣ, ಕಲ್ಲುಗಳ ಕಟ್ಟಡ ಬಲ್ಲ ಒಬ್ಬ ಇಂಜಿನಿಯರರಿಂದ ಕಡತವನ್ನು ಓದಿಸಿ. ನಿರಾಕರಿಸಿದರೆ ಮೇಲ್ಮನವಿಗಾದರೂ ಹೋಗುತ್ತೇನೆ. ಈ ಮೌನದ ಮೇಲೆ ಎಲ್ಲಿಗೆ ಹೋಗಲಿ? ದೀಪಾವಳಿ ಕಳೆದರೆ ಬೇರೆ ಕೆಲಸ ಒಪ್ಪಿಕೊಳ್ಳುತ್ತೇನೆಂದು ಮೇಸ್ತ್ರಿ ಹೇಳಿ ಕಳಿಸಿದ್ದಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ಸಂಸಾರವಿದೆ. ಅದಕ್ಕೆ ಮೊದಲು ಒಪ್ಪಿಗೆ ಅಥವಾ ನಿರಾಕರಣೆ ನನ್ನ ಕೈಗೆ ಬರಲಿ.

ಅಂದು ನೀರು ಕುಡಿದ ಇಟ್ಟಿಗೆಯನ್ನು ನಾನು ಮನೆಗೆ ತಂದು, ಮಳೆ ಬೀಳುವ ಬಾಲ್ಕನಿಯ ತುದಿಯಲ್ಲಿ ತುಳಸಿ ಕುಂಡದ ಕೆಳಗೆ ಇಟ್ಟಿದ್ದೇನೆ. ಎರಡು ಮಳೆಗಾಲ ಕಂಡರೂ ಅದರ ಮೂಲೆ ಮುಕ್ಕಾಗಿಲ್ಲ. ತಾವು ಯಾವ ದಿನ ಬೇಕಾದರೂ ಬಂದು ನೋಡಬಹುದು. ಬಾಟಲಿ ತರುವ ತೊಂದರೆ ಬೇಡ, ನಲ್ಲಿ ಪಕ್ಕದಲ್ಲೇ ಇದೆ.

ಇಂತಿ ತಮ್ಮ ವಿಶ್ವಾಸಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ