ಕರುಳುಬೇನೆಯ ಸೂಜಿ ಮಳೆಗಿಂತ ಮೊದಲು ಬೀಳಲಿ: ಪಶುಸಂಗೋಪನಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಕುರಿ ಸಾಕುವ ಮನೆಯವನು. ಕುರಿಗಳಿಗೆ ಬರುವ ಕರುಳುಬೇನೆಯ ಬಗ್ಗೆ ನಿಮಗೆ ನಾಲ್ಕು ಮಾತು ಹೇಳಬೇಕಿದೆ. ಇಲಾಖೆಯ ಕಾಗದದಲ್ಲಿ ಇದನ್ನು ‘ಇಟಿ’ (ಎಂಟೆರೊಟಾಕ್ಸೀಮಿಯಾ) ಎಂದು ಬರೆಯುತ್ತಾರೆ. ನಮ್ಮ ಹಟ್ಟಿಯಲ್ಲಿ ಕರಳಬ್ಯಾನಿ.

ಸಂಜೆ ಚೆನ್ನಾಗಿ ಮೇದು ಬಂದ ಮರಿ ಬೆಳಗ್ಗೆ ಸತ್ತು ಬಿದ್ದಿರುತ್ತದೆ. ಕೆಲವು ಕಾಲು ಬಡಿಯುತ್ತವೆ, ಕತ್ತು ಹಿಂದಕ್ಕೆ ಸೆಟೆಯುತ್ತದೆ, ಅಷ್ಟೇ. ಡಾಕ್ಟರನ್ನು ಕರೆಸುವಷ್ಟು ಹೊತ್ತೂ ಸಿಗುವುದಿಲ್ಲ. ಅದೂ ಸೊರಗಿದ ಮರಿ ಹೋಗುವುದಿಲ್ಲ. ಹಿಂಡಿನಲ್ಲೇ ಮೈಕೈ ತುಂಬಿಕೊಂಡದ್ದು, ಸಂತೆಯಲ್ಲಿ ನಾಲ್ಕು ಕಾಸು ಜಾಸ್ತಿ ತರುವಂಥದ್ದು ಹೋಗುತ್ತದೆ.

ಇದಕ್ಕೆ ಕಾರಣವಾದ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಬ್ಯಾಕ್ಟೀರಿಯಾ ಕುರಿಯ ಕರುಳಲ್ಲೇ ಸುಮ್ನೆ ಇರುತ್ತದೆ. ಮಳೆ ಬಿದ್ದು ಎಳೆ ಹುಲ್ಲು ಚಿಗುರಿದಾಗ, ಇಲ್ಲವೇ ಕೊಯ್ಲಾದ ಹೊಲದಲ್ಲಿ ಉದುರಿದ ಕಾಳು ಸಿಕ್ಕಾಗ, ಹಸಿದ ಕುರಿ ಒಮ್ಮೆಲೇ ಹೊಟ್ಟೆ ಬಿರಿಯುವಷ್ಟು ತಿನ್ನುತ್ತದೆ. ಅರೆಬರೆ ಅರಗಿದ ಹಿಟ್ಟಿನಂಶ ಕರುಳಿಗೆ ಇಳಿದರೆ ಬ್ಯಾಕ್ಟೀರಿಯಾಗೆ ಹಬ್ಬ. ಅದು ಬಿಡುವ ವಿಷ ರಕ್ತಕ್ಕೆ ಸೇರಿ ಮಿದುಳು, ಮೂತ್ರಪಿಂಡವನ್ನು ಕೆಡಿಸುತ್ತದೆ. ಹಸಿದ ಹೊಟ್ಟೆಯಲ್ಲಿ ಎಳೆ ಹುಲ್ಲಿಗೆ ಬಿಡಬೇಡ, ಮೊದಲು ಒಣ ಮೇವು ಹಾಕು ಎಂದು ಹಿರಿಯರು ಹೇಳುತ್ತಿದ್ದದ್ದು ಇದಕ್ಕೇ.

ಲಸಿಕೆ ಇದೆ. ಹೆಬ್ಬಾಳದ ನಿಮ್ಮ ಸರ್ಕಾರಿ ಸಂಸ್ಥೆಯಲ್ಲೇ ತಯಾರಾಗುತ್ತದೆ. ದನಗಳ ದೊಡ್ಡರೋಗಕ್ಕೆ ಸೀರಂ ಮಾಡಲೆಂದು 1925ರಲ್ಲಿ ಮೈಸೂರು ಸಂಸ್ಥಾನ ಶುರು ಮಾಡಿದ ಸಂಸ್ಥೆ ಅದು. ಆದರೆ ಲಸಿಕೆ ಹೊತ್ತಿಗೆ ಬರಬೇಕಲ್ಲ? ಮೊದಲ ಸಲ ಹಾಕಿಸುವ ಮರಿಗೆ ಎರಡು ಸೂಜಿ ಬೇಕು, ನಡುವೆ ಎರಡು ಮೂರು ವಾರ. ಆಮೇಲೂ ರೋಗ ತಡೆಯುವ ಶಕ್ತಿ ಬರಲು ಸುಮಾರು ಎರಡು ವಾರ. ಮೇ ಕೊನೆಯ ರೋಹಿಣಿ ಮಳೆಗೆ ಹುಲ್ಲು ಚಿಗುರುತ್ತದೆ ಎಂದರೆ ಏಪ್ರಿಲ್ ಮೂರನೇ ವಾರಕ್ಕೇ ಮೊದಲ ಸೂಜಿ ಬಿದ್ದಿರಬೇಕು. ಜುಲೈನಲ್ಲಿ ಶಿಬಿರ ಇಟ್ಟರೆ ಫೋಟೊ ಚೆನ್ನಾಗಿ ಬರುತ್ತದೆ, ಮರಿ ಉಳಿಯುವುದಿಲ್ಲ.

ಇನ್ನೊಂದು ತೊಡಕಿದೆ. ಏಪ್ರಿಲ್‌ನಲ್ಲಿ ಎಷ್ಟೋ ಹಿಂಡುಗಳು ಊರಲ್ಲೇ ಇರುವುದಿಲ್ಲ. ಬೆಳಗಾವಿ, ಬಾಗಲಕೋಟೆ, ಕೊಪ್ಪಳ ಕಡೆಯ ಕುರಿಗಾರರು ಸುಗ್ಗಿ ಮುಗಿಯುತ್ತಲೇ ಹೊರಟು, ಯಾವುದೋ ತಾಲ್ಲೂಕಿನ ಯಾರದೋ ಹೊಲದಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಿರುತ್ತಾರೆ. ಅಲ್ಲಿಯ ಆಸ್ಪತ್ರೆಗೆ ಹೋದರೆ ‘ನಿಮ್ಮೂರಲ್ಲೇ ಹಾಕಿಸ್ಕೊಳ್ಳಿ’ ಎಂಬ ಉತ್ತರ ನಾವೂ ಕೇಳಿದ್ದೇವೆ. ಊರಿಗೆ ಮರಳುವಷ್ಟರಲ್ಲಿ ಮಳೆ ಹಿಡಿದಿರುತ್ತದೆ.

ಕುರಿ ಮೇಕೆಗಳಿಗೆ ಬರುವ ಇನ್ನೊಂದು ಅಂಟುರೋಗ ಪಿಪಿಆರ್‌ಗೆ ರಾಷ್ಟ್ರೀಯ ಕಾರ್ಯಕ್ರಮವಿದೆ, 2030ರೊಳಗೆ ಅದನ್ನು ಅಳಿಸುವ ಗುರಿ ಇದೆ. ಒಳ್ಳೆಯದೇ. ಕರುಳುಬೇನೆಯನ್ನು ಹಾಗೆ ಅಳಿಸಲು ಆಗದು. ಮಣ್ಣಲ್ಲೂ ಕರುಳಲ್ಲೂ ಇರುವ ಬ್ಯಾಕ್ಟೀರಿಯಾ ಎಲ್ಲಿಗೆ ಹೋದೀತು? ವರ್ಷವರ್ಷವೂ ಲಸಿಕೆ ಹಾಕುತ್ತಲೇ ಇರಬೇಕು. ಗುರಿಯ ವರ್ಷ ಇಲ್ಲದ ಕೆಲಸ ಯಾರ ಭಾಷಣದಲ್ಲೂ ಬರುವುದಿಲ್ಲ, ಅಲ್ವಾ?

ಅನುಗ್ರಹ ಯೋಜನೆಯಲ್ಲಿ ಸತ್ತ ಕುರಿಗೆ ಕೊಡುವ ಪರಿಹಾರವನ್ನು 2025ರ ಬಜೆಟ್‌ನಲ್ಲಿ 5,000ದಿಂದ 7,500 ರೂಪಾಯಿಗೆ ಏರಿಸಿದಿರಿ. ಅದು ದೊಡ್ಡ ಆಸರೆ. ಆದರೆ ಅದಕ್ಕೆ ಮರಣೋತ್ತರ ಪರೀಕ್ಷೆ ಆಗಬೇಕು. ಈ ಬೇನೆಯಲ್ಲಿ ಸತ್ತ ಕುರಿಯ ಮೂತ್ರಪಿಂಡ ಬೇಗ ಕರಗಿ ಮೆತ್ತಗಾಗುತ್ತದೆ. ಹೊತ್ತಾದಷ್ಟೂ ಯಾವ ರೋಗವೆಂದು ಹೇಳುವುದು ಕಷ್ಟ. ಪರಸ್ಥಳದಲ್ಲಿ ಡಾಕ್ಟರು ಬರುವ ತನಕ ಹೆಣ ಇಟ್ಟುಕೊಂಡು ಕೂರಲು ಹೊಲದವರೂ ಬಿಡುವುದಿಲ್ಲ.

ಹಾಗಾಗಿ ಕೇಳುವುದು ಇಷ್ಟು. ಏಪ್ರಿಲ್ ಎರಡನೇ ವಾರದೊಳಗೆ ಲಸಿಕೆ ತಾಲ್ಲೂಕಿಗೆ ತಲುಪಲಿ. ಕುರಿ ಎಲ್ಲಿ ನಿಂತಿದೆಯೋ ಅಲ್ಲಿಯ ಆಸ್ಪತ್ರೆಯೇ ಸೂಜಿ ಹಾಕಲಿ, ಮರಣೋತ್ತರ ಪರೀಕ್ಷೆಯನ್ನೂ ಮಾಡಲಿ ಎಂದು ಲಿಖಿತ ಆದೇಶ ಹೊರಡಿಸಿ. ಕುರಿಗಾರನ ಕೈಗೆ ಒಂದು ಚೀಟಿ ಕೊಡಿ, ಅದರಲ್ಲಿ ಎರಡನೇ ಸೂಜಿಯ ತಾರೀಖು ಇರಲಿ. ಆದೇಶದ ಪ್ರತಿ ನಮಗೂ ಸಿಗಲಿ, ಮುಂದಿನ ಸಲ ಆಸ್ಪತ್ರೆಯಲ್ಲಿ ತೋರಿಸಲು ಬೇಕಾಗುತ್ತದೆ.

ಇಂತಿ,
ಒಬ್ಬ ಕುರಿಗಾರನ ಮಗ